ಮೂರು ಹನಿ ದ್ರಾಕ್ಷಾರಸ: ಸೆರೆಮನೆಯಲ್ಲಿ ಉಳಿದ ಭರವಸೆ



ಆಗಸ್ಟ್ 15 ಎಂದರೆ ನಮ್ಮ ನಾಡಿನ ಕಥೋಲಿಕರಿಗೆ ಎರಡು ಹಬ್ಬಗಳ ದಿನ. ಬೆಳಿಗ್ಗೆ ಬಲಿಪೂಜೆಯಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವವನ್ನು ಆಚರಿಸುತ್ತೇವೆ. ಅದು ಮುಗಿಯುತ್ತಿದ್ದಂತೆ ದೇವಾಲಯದ ಅಂಗಳದಲ್ಲಿ ರಾಷ್ಟ್ರಧ್ವಜವನ್ನು ಹಾರಿಸಿ, ಸ್ವಾತಂತ್ರ್ಯಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ಮಕ್ಕಳಿಗೆ ಸಿಹಿ ಹಂಚುತ್ತೇವೆ. 1975ನೇ ಇಸವಿಯ ಇದೇ ದಿನ ಮಧ್ಯಾಹ್ನ, ನಮ್ಮದೇ ಏಷ್ಯಾ ಖಂಡದ ವಿಯೆಟ್ನಾಂ ದೇಶದಲ್ಲಿ ಒಬ್ಬ ಮಹಾಧರ್ಮಾಧ್ಯಕ್ಷರು ತಮ್ಮ ಸ್ವಾತಂತ್ರ್ಯವನ್ನು ಕಳೆದುಕೊಂಡರು. ಸರ್ಕಾರದವರು ಅವರನ್ನು ಸೈಗಾನಿನ ಅರಮನೆಗೆ ಕರೆಸಿಕೊಂಡು ಬಂಧಿಸಿದರು. ಆಗ ಅವರ ಬಳಿ ಇದ್ದದ್ದು ಮೈಮೇಲಿನ ನಿಲುವಂಗಿ ಮತ್ತು ಜೇಬಿನಲ್ಲಿದ್ದ ಜಪಮಾಲೆ ಮಾತ್ರ. ಆ ದಿನ ಆರಂಭವಾದ ಸೆರೆವಾಸ ಹದಿಮೂರು ವರ್ಷಗಳ ಕಾಲ ನಡೆಯಿತು. ಅದರಲ್ಲಿ ಒಂಬತ್ತು ವರ್ಷ ಅವರು ಒಂಟಿಯಾಗಿದ್ದರು. ಅವರ ಮೇಲೆ ನ್ಯಾಯಾಲಯದಲ್ಲಿ ಯಾವ ವಿಚಾರಣೆಯೂ ನಡೆಯಲಿಲ್ಲ, ಯಾವ ತೀರ್ಪೂ ಬರಲಿಲ್ಲ. ಆದ್ದರಿಂದ ಬಿಡುಗಡೆ ಯಾವಾಗ ಎಂದು ಅವರಿಗೆ ತಿಳಿದಿರಲಿಲ್ಲ. ಬಿಡುಗಡೆ ಇದೆಯೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ.

ಅವರೇ ಪೂಜ್ಯ ಕಾರ್ಡಿನಲ್ ಫ್ರಾನ್ಸಿಸ್ ಝೇವಿಯರ್ ವಾನ್ ಥುವಾನ್. ಗೋವೆಯಲ್ಲಿ ಯಾರ ಪಾರ್ಥಿವ ಶರೀರದ ದರ್ಶನಕ್ಕೆ ನಮ್ಮ ಊರುಗಳಿಂದ ತಲೆಮಾರುಗಳಿಂದ ಜನ ಹೋಗುತ್ತಿದ್ದಾರೋ, ಆ ಸಂತ ಫ್ರಾನ್ಸಿಸ್ ಝೇವಿಯರರ ಹೆಸರನ್ನೇ ಅವರು ಸ್ನಾನದೀಕ್ಷೆಯಲ್ಲಿ ಪಡೆದಿದ್ದರು. ಅವರ ಜೀವನದ ಇತಿಹಾಸವನ್ನು ಈ ಹಬ್ಬದ ಸಂದರ್ಭದಲ್ಲಿ ನೆನೆಯಲು ನಮಗೆ ಒಂದು ಕಾರಣವಿದೆ. ಮನೆಭೇಟಿಗೆ ಹೋದಲ್ಲೆಲ್ಲ ನಾವು ಒಂದು ಪ್ರಶ್ನೆಯನ್ನು ಕೇಳುತ್ತೇವೆ: "ಇನ್ನೆಷ್ಟು ದಿನ ಸ್ವಾಮಿ?" ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳು, ಸಾಲದಲ್ಲಿ ಮುಳುಗಿರುವ ಕುಟುಂಬ, ಓದು ಮುಗಿಸಿಯೂ ಕೆಲಸ ಸಿಗದ ಯುವಕ, ಕುಡಿತಕ್ಕೆ ಬಿದ್ದ ಗಂಡನೊಡನೆ ಬಾಳುವ ಹೆಂಡತಿ, ಎಲ್ಲರೂ ಕೇಳುವುದು ಇದನ್ನೇ. ಈ ಪ್ರಶ್ನೆಗೆ ದಿನಾಂಕದ ಉತ್ತರ ಯಾರ ಬಳಿಯೂ ಇಲ್ಲ. ಆದರೆ ದಿನಾಂಕ ತಿಳಿಯದೆಯೇ ಭರವಸೆಯಿಂದ ಬದುಕಬಹುದೇ ಎಂಬ ಪ್ರಶ್ನೆಗೆ ಈ ಮಹನೀಯರ ಬದುಕಿನಲ್ಲಿ ಉತ್ತರವಿದೆ.

ರಕ್ತಸಾಕ್ಷಿಗಳ ಮನೆತನ

ವಾನ್ ಥುವಾನರು ಹುಟ್ಟಿದ್ದು 1928ರ ಏಪ್ರಿಲ್ 17ರಂದು, ಮಧ್ಯ ವಿಯೆಟ್ನಾಮಿನ ಹ್ವೇ ನಗರದ ಬಳಿ. ಆ ನಾಡಿನಲ್ಲಿ ಕ್ರೈಸ್ತ ವಿಶ್ವಾಸವು ಬೇರೂರಿದ್ದು 17ನೇ ಶತಮಾನದಲ್ಲಿ. ಅಂದಿನಿಂದ 19ನೇ ಶತಮಾನದ ಕೊನೆಯ ಭಾಗದವರೆಗೆ ಅಲ್ಲಿನ ವಿಶ್ವಾಸಿಗಳು ಮತ್ತೆ ಮತ್ತೆ ಹಿಂಸೆಯನ್ನು ಅನುಭವಿಸಿದರು. ಪ್ರಾಣ ಕೊಟ್ಟವರ ಸಂಖ್ಯೆ ಲಕ್ಷವನ್ನು ಮೀರುತ್ತದೆಂದು ಧರ್ಮಸಭೆಯ ಅಂದಾಜು. ಅವರಲ್ಲಿ 117 ಮಂದಿಯನ್ನು ಪೋಪ್ ಎರಡನೇ ಜಾನ್ ಪಾಲರು 1988ರ ಜೂನ್ 19ರಂದು ಸಂತರೆಂದು ಘೋಷಿಸಿದರು. ನವೆಂಬರ್ 24ರಂದು ಸಂತ ಆಂಡ್ರೂ ಡುಂಗ್ ಲಾಕ್ ಮತ್ತು ಸಂಗಡಿಗರ ಹೆಸರಿನಲ್ಲಿ ನಾವು ಬಲಿಪೂಜೆಯಲ್ಲಿ ಸ್ಮರಿಸುವುದು ಇವರನ್ನೇ.

ಈ ಹಿಂಸೆಯ ಇತಿಹಾಸ ವಾನ್ ಥುವಾನರಿಗೆ ಪುಸ್ತಕದಿಂದ ಬಂದದ್ದಲ್ಲ, ಮನೆಯವರ ಬಾಯಿಂದಲೇ ಬಂದದ್ದು. 1885ರಲ್ಲಿ ಅವರ ತಾಯಿಯ ಪೂರ್ವಜರ ಊರಿನ ಕ್ರೈಸ್ತರನ್ನು ದೇವಾಲಯದೊಳಗೆ ಕೂಡಿ ಬೆಂಕಿ ಹಚ್ಚಲಾಯಿತು. ಅವರ ಅಜ್ಜ ಆಗ ಓದಿಗಾಗಿ ಮಲೇಶಿಯಾದಲ್ಲಿದ್ದುದರಿಂದ ಬದುಕಿಕೊಂಡರು. ತಂದೆಯ ಕಡೆಯ ಮುತ್ತಜ್ಜನವರು ಬಾಲಕರಾಗಿದ್ದಾಗ, ವಿಶ್ವಾಸಕ್ಕಾಗಿ ಸೆರೆಯಲ್ಲಿದ್ದ ತಮ್ಮ ತಂದೆಗೆ ಒಂದಿಷ್ಟು ಅನ್ನ, ಒಂದಿಷ್ಟು ಉಪ್ಪು ಕೊಡಲು ದಿನವೂ 30 ಕಿಲೋಮೀಟರ್ ನಡೆಯುತ್ತಿದ್ದರಂತೆ. ಓದು ಬರಹ ತಿಳಿಯದ ಅಜ್ಜಿ ಪ್ರತಿರಾತ್ರಿ ಮನೆಯ ಪ್ರಾರ್ಥನೆ ಮುಗಿದ ಮೇಲೂ ಕುಳಿತು, ಗುರುಗಳಿಗಾಗಿ ಇನ್ನೊಂದು ಜಪಮಾಲೆ ಹೇಳುತ್ತಿದ್ದರು. ತಾಯಿ ಎಲಿಜಬೇತ್ ಮಕ್ಕಳನ್ನು ಮಲಗಿಸುವಾಗ ಬೈಬಲಿನ ಕಥೆಗಳನ್ನೂ ರಕ್ತಸಾಕ್ಷಿಗಳ ಕಥೆಗಳನ್ನೂ ಹೇಳುತ್ತಿದ್ದರು.

ಹೆತ್ತವರೇ, ಇದನ್ನು ನಾವು ಗಮನಿಸಬೇಕು. ಮುಂದೆ ಸೆರೆಮನೆಯಲ್ಲಿ ಪುಸ್ತಕವಿಲ್ಲದೆ, ಪ್ರಾರ್ಥನಾಗ್ರಂಥವಿಲ್ಲದೆ ಆ ಮಹನೀಯರು ವರ್ಷಗಟ್ಟಲೆ ಕಳೆದಾಗ ಕೈಹಿಡಿದದ್ದು ನೆನಪಿನಲ್ಲಿದ್ದ ಪ್ರಾರ್ಥನೆಗಳು. ಬಾಲ್ಯದಲ್ಲಿ ಮನೆಯಲ್ಲಿ ಬಾಯಿಪಾಠವಾದದ್ದನ್ನು ಯಾವ ಕಾವಲುಗಾರನೂ ತಪಾಸಣೆ ಮಾಡಿ ಕಿತ್ತುಕೊಳ್ಳಲಾರ. ಸಂಜೆಯ ಜಪಮಾಲೆಗೆ ಮಕ್ಕಳನ್ನು ಕೂರಿಸುವುದು ಇಂದು ಕಷ್ಟವಾಗಿದೆ ಎಂದು ನಮಗೂ ಗೊತ್ತು. ಆದರೂ ಕೂರಿಸಿರಿ. ಅವರ ಬದುಕಿನಲ್ಲಿ ಕತ್ತಲು ಬಂದ ದಿನ ಅದು ಉಪಯೋಗಕ್ಕೆ ಬರುತ್ತದೆ.

ಅಧಿಕಾರದಿಂದ ಸೆರೆಗೆ

1953ರ ಜೂನ್ 11ರಂದು ವಾನ್ ಥುವಾನರು ಗುರುದೀಕ್ಷೆಯನ್ನು ಪಡೆದರು. ರೋಮಿನಲ್ಲಿ ಧರ್ಮಸಭೆಯ ಕಾನೂನಿನಲ್ಲಿ ಉನ್ನತ ವ್ಯಾಸಂಗ ಮಾಡಿ 1959ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು. ಅವರದು ಪ್ರಭಾವಿ ಮನೆತನ. ಅವರ ಸೋದರಮಾವ ನ್ಗೋ ದಿನ್ ದಿಯೆಮ್ ದಕ್ಷಿಣ ವಿಯೆಟ್ನಾಮಿನ ಮೊದಲ ಅಧ್ಯಕ್ಷರಾಗಿದ್ದರು. ಆದರೆ 1963ರ ನವೆಂಬರ್ 2ರಂದು, ಸೇನಾದಂಗೆಯಲ್ಲಿ ಅವರೂ ಅವರ ಒಬ್ಬ ತಮ್ಮನೂ ಕೊಲೆಯಾದರು. ಸತ್ತವರ ಆತ್ಮಗಳನ್ನು ಧರ್ಮಸಭೆ ಸ್ಮರಿಸುವ ದಿನವದು. ಆ ಮನೆಯ ಹೆಣ್ಣುಮಗಳಾದ ಎಲಿಜಬೇತ್ ಸಹೋದರರ ಸಾವನ್ನು ಕಂಡರು; ಹನ್ನೆರಡು ವರ್ಷಗಳ ನಂತರ ಮಗನ ಸೆರೆಯನ್ನೂ ಕಂಡರು.

1967ರಲ್ಲಿ ವಾನ್ ಥುವಾನರು ನ್ಯಾ ಟ್ರಾಂಗ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದರು. ಆ ಕ್ಷೇತ್ರಕ್ಕೆ ವಿಯೆಟ್ನಾಂ ಮೂಲದ ಮೊದಲ ಧರ್ಮಾಧ್ಯಕ್ಷರು ಅವರೇ. ಎರಡನೇ ವ್ಯಾಟಿಕನ್ ಮಹಾಸಭೆಯ ಒಂದು ಪ್ರಮುಖ ದಾಖಲೆಯ ಹೆಸರನ್ನೇ, ಅಂದರೆ 'ಸಂತೋಷ ಮತ್ತು ಭರವಸೆ' ಎಂಬುದನ್ನೇ, ಅವರು ತಮ್ಮ ಸೇವೆಯ ಧ್ಯೇಯವಾಗಿ ಆರಿಸಿಕೊಂಡರು. ಯುದ್ಧ ನಡೆಯುತ್ತಿದ್ದ ಎಂಟು ವರ್ಷಗಳಲ್ಲಿ ಅವರು ಹಗಲಿರುಳು ದುಡಿದರು. ಧರ್ಮಕೇಂದ್ರಗಳ ಭೇಟಿ, ಶಾಲೆಗಳು, ಶ್ರೀಸಾಮಾನ್ಯ ವಿಶ್ವಾಸಿಗಳ ತರಬೇತಿ, ಎಲ್ಲವೂ ಬೆಳೆದವು. ಗುರುಮಠದ ಹಿರಿಯ ಅಭ್ಯರ್ಥಿಗಳ ಸಂಖ್ಯೆ 42ರಿಂದ 147ಕ್ಕೆ ಏರಿತು.

1975ರ ಏಪ್ರಿಲ್ ಕೊನೆಯ ವಾರದಲ್ಲಿ ಪೋಪ್ ಆರನೇ ಪಾಲರು ಅವರನ್ನು ಸೈಗಾನಿನ ಸಹ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 30ರಂದು, ಉತ್ತರದ ಕಮ್ಯುನಿಸ್ಟ್ ಸೇನೆ ಸೈಗಾನನ್ನು ವಶಪಡಿಸಿಕೊಂಡಿತು. ಅವರ ಮನೆತನದ ಹಿನ್ನೆಲೆ, ರೋಮಿನ ನೇಮಕ, ಎರಡೂ ಹೊಸ ಆಡಳಿತದ ಕಣ್ಣಿಗೆ ಅಪರಾಧವಾಗಿ ಕಂಡವು. ಆಗಸ್ಟ್ 15ರಂದು ಬಂಧಿಸಿ, ಕಾರಿನಲ್ಲಿ ಕೂರಿಸಿ, 450 ಕಿಲೋಮೀಟರ್ ದೂರದ ನ್ಯಾ ಟ್ರಾಂಗ್ ಕಡೆಗೆ ಒಯ್ದರು. ಆಗ ಅವರಿಗೆ 47 ವರ್ಷ.

ಹಳೆಯ ಕ್ಯಾಲೆಂಡರಿನ ಹಾಳೆಗಳು

ಮೊದಲ ತಿಂಗಳುಗಳಲ್ಲಿ ಅವರನ್ನು ನ್ಯಾ ಟ್ರಾಂಗ್ ಸಮೀಪದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಗೃಹಬಂಧನದಲ್ಲಿ ಇಡಲಾಯಿತು. ಜನರೊಡನೆ ಮಾತನಾಡುವಂತಿರಲಿಲ್ಲ. ಕುರಿಗಳಿಲ್ಲದ ಕುರುಬನಂತೆ ಅವರ ಮನಸ್ಸು ತಳಮಳಗೊಂಡಿತು. ಬಿಡುಗಡೆಗಾಗಿ ಕಾಯುತ್ತಾ ಕೂರುವುದೇ? ಚೀನಾದಲ್ಲಿ 12 ವರ್ಷ ಸೆರೆಯಲ್ಲಿದ್ದು 1970ರಲ್ಲಿ ಹೊರಬಂದ ಮಿಷನರಿ ಧರ್ಮಾಧ್ಯಕ್ಷ ಜೇಮ್ಸ್ ವಾಲ್ಶ್ ಅವರ ಅನುಭವ ಅವರಿಗೆ ನೆನಪಾಯಿತು. ಕಾಯುವುದರಲ್ಲೇ ಬದುಕಿನ ಬಹುಭಾಗ ಕಳೆದುಹೋಗುತ್ತದೆ ಎಂಬ ಮಾತದು. ಸೆರೆಯಾದವನಿಗೆ ಬಿಡುಗಡೆ ಬರಬಹುದು, ಅದಕ್ಕೂ ಮೊದಲು ಸಾವು ಬರಬಹುದು. ಹಾಗಾದರೆ ಕಾದ ದಿನಗಳೆಲ್ಲ ಬರಿದೇ ಹೋದಂತೆ ಅಲ್ಲವೇ? ಆಗ ಅವರು ಒಂದು ನಿರ್ಧಾರಕ್ಕೆ ಬಂದರು: ನಾನು ಕಾಯುವುದಿಲ್ಲ, ಇಂದಿನ ದಿನವನ್ನು ಬಾಳುತ್ತೇನೆ, ಅದನ್ನು ಪ್ರೀತಿಯಿಂದ ತುಂಬುತ್ತೇನೆ.

ಆದರೆ ಹೇಗೆ? ಒಂದು ರಾತ್ರಿ ಅವರಿಗೆ ಸಂತ ಪೌಲರ ನೆನಪಾಯಿತು. ಪೌಲರು ಸೆರೆಯಲ್ಲಿದ್ದಾಗ ಸಭೆಗಳಿಗೆ ಪತ್ರಗಳನ್ನು ಬರೆದರು. ನಾನೂ ಹಾಗೆಯೇ ಮಾಡಬಾರದೇಕೆ? ಮರುದಿನ ಇನ್ನೂ ಕತ್ತಲಿರುವಾಗಲೇ, ಬೆಳಗಿನ ಬಲಿಪೂಜೆಯಿಂದ ಮನೆಗೆ ಮರಳುತ್ತಿದ್ದ ಏಳು ವರ್ಷದ ಬಾಲಕನೊಬ್ಬನನ್ನು ಕರೆದು, ಹಳೆಯ ಕ್ಯಾಲೆಂಡರುಗಳನ್ನು ತಂದುಕೊಡುವಂತೆ ನಿನ್ನ ತಾಯಿಗೆ ಹೇಳು ಎಂದರು. ಕ್ಯಾಲೆಂಡರು ಬಂತು. 1975ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ರಾತ್ರಿಗಳಲ್ಲಿ ಅವರು ಅದರ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗೆ ಪುಟ್ಟ ಪುಟ್ಟ ಚಿಂತನೆಗಳನ್ನು ಬರೆದರು. ಬಾಲಕ ಹಾಳೆಗಳನ್ನು ಮನೆಗೆ ಒಯ್ಯುತ್ತಿದ್ದ. ಅವನ ಅಣ್ಣ ಅಕ್ಕಂದಿರು ನಕಲು ಮಾಡುತ್ತಿದ್ದರು. ಹೀಗೆ 1001 ಚಿಂತನೆಗಳಾದವು. 'ಭರವಸೆಯ ಹಾದಿ' ಎಂಬ ಅರ್ಥದ ಹೆಸರಿನಲ್ಲಿ ಅದು ಪುಸ್ತಕವಾಗಿ ಅನೇಕ ಭಾಷೆಗಳಲ್ಲಿ ಲೋಕವನ್ನೆಲ್ಲ ಸುತ್ತಿದೆ.

ಒಂದು ಮಗು, ಕೆಲವು ರದ್ದಿ ಹಾಳೆಗಳು, ಒಂದು ಲೇಖನಿ. ಐದು ರೊಟ್ಟಿ ಎರಡು ಮೀನುಗಳನ್ನು ತಂದಿದ್ದ ಶುಭಸಂದೇಶದ ಬಾಲಕ ಇಲ್ಲಿ ನಮಗೆ ನೆನಪಾಗದೇ ಇರಲಾರ. ಇವರು ಮುಂದೆ ಬರೆದ ಒಂದು ಪುಸ್ತಕಕ್ಕೆ ಐದು ರೊಟ್ಟಿ ಎರಡು ಮೀನು ಎಂದೇ ಹೆಸರಿಟ್ಟರು.

ದೇವರೋ, ದೇವರ ಕಾರ್ಯಗಳೋ?

ಇಷ್ಟನ್ನು ಕೇಳಿದಾಗ, 'ಅವರು ಮಹಾತ್ಮರು, ನಮ್ಮಂಥವರಿಗೆ ಅದೆಲ್ಲ ಎಲ್ಲಿ ಸಾಧ್ಯ' ಎಂದು ನಮಗೆ ಅನ್ನಿಸಬಹುದು. ಆದ್ದರಿಂದ ಮುಂದಿನ ಭಾಗವನ್ನೂ ಹೇಳಬೇಕಾಗಿದೆ. 1976ರ ಮಾರ್ಚಿನಲ್ಲಿ ಅವರನ್ನು ಫು ಖಾನ್ ಎಂಬ ಸೆರೆಮನೆಯ ಕಿಟಕಿಯಿಲ್ಲದ ಒಂಟಿ ಕೋಣೆಗೆ ಹಾಕಿದರು. ಕೆಲವೊಮ್ಮೆ ದಿನಗಟ್ಟಲೆ ದೀಪ ಆರುತ್ತಿರಲಿಲ್ಲ, ಕೆಲವೊಮ್ಮೆ ದಿನಗಟ್ಟಲೆ ಕಗ್ಗತ್ತಲು. ಸೆಖೆ ಮತ್ತು ತೇವಕ್ಕೆ ಮಲಗುವ ಚಾಪೆಯ ಮೇಲೆ ಅಣಬೆಗಳು ಎದ್ದವು. ಉಸಿರು ಕಟ್ಟಿದಾಗ ಅವರು ನೆಲಕ್ಕೆ ಮಲಗಿ, ಗೋಡೆಯ ಬುಡದಲ್ಲಿದ್ದ ಸಣ್ಣ ರಂಧ್ರಕ್ಕೆ ಮೂಗನ್ನು ಒತ್ತಿ ಗಾಳಿ ಎಳೆದುಕೊಳ್ಳುತ್ತಿದ್ದರು. ಹುಚ್ಚು ಹಿಡಿಯುವ ಅಂಚಿಗೆ ಬಂದಿದ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ದೇಹ ಮನಸ್ಸು ಎರಡೂ ಸೋತು, ಒಂದು ಪ್ರಾರ್ಥನೆಯನ್ನು ಪೂರ್ತಿ ಹೇಳಲೂ ಆಗದ ದಿನಗಳಿದ್ದವು. ಧರ್ಮಾಧ್ಯಕ್ಷರಿಗೇ ಪ್ರಾರ್ಥಿಸಲಾಗದ ದಿನಗಳು!

ಅವರನ್ನು ಹೆಚ್ಚು ಸುಟ್ಟದ್ದು ಕೋಣೆಯ ಸೆಖೆಯಲ್ಲ. ಅರ್ಧಕ್ಕೆ ನಿಂತ ಕೆಲಸಗಳ ಚಿಂತೆ ಅವರಿಗೆ ನಿದ್ದೆ ಕೊಡಲಿಲ್ಲ. ದೇವರಿಗಾಗಿ ಕಟ್ಟಿದ್ದೆಲ್ಲ ಕುಸಿಯುತ್ತಿದೆ, ಗುರುಮಠದ ಹುಡುಗರು ಚದುರಿಹೋಗಿದ್ದಾರೆ, ದುಡಿಯುವ ವಯಸ್ಸಿನಲ್ಲಿ ನಾನು ಇಲ್ಲಿ ಕೊಳೆಯುತ್ತಿದ್ದೇನೆ. ದೇವರು ಇದನ್ನು ಹೇಗೆ ಸಹಿಸುತ್ತಾರೆ? ಒಂದು ರಾತ್ರಿ ಅಂತರಂಗದಲ್ಲಿ ಅವರಿಗೊಂದು ಅರಿವು ಮೂಡಿತು: ದೇವರು ಬೇರೆ, ದೇವರ ಕಾರ್ಯಗಳು ಬೇರೆ. ನೀನು ಮಾಡಿದ್ದೆಲ್ಲ ದೇವರ ಕಾರ್ಯಗಳೇ, ನಿಜ. ಆದರೆ ಅವು ದೇವರಲ್ಲ. ಅವನ್ನು ಬಿಟ್ಟುಕೊಡು ಎಂದು ದೇವರು ಬಯಸಿದರೆ ಬಿಟ್ಟುಕೊಡು. ಅವುಗಳನ್ನು ಅವರು ಬೇರೆಯವರಿಂದ ನಡೆಸಿಕೊಳ್ಳುತ್ತಾರೆ. ನೀನು ಆರಿಸಿಕೊಂಡದ್ದು ದೇವರನ್ನು ತಾನೇ?

ಆ ರಾತ್ರಿಯಿಂದ ತಮಗೆ ಹೊಸ ಶಾಂತಿ ಸಿಕ್ಕಿತೆಂದು ಅವರು ಹೇಳಿದರು. ಕೋಣೆ ಬದಲಾಗಿರಲಿಲ್ಲ, ಸೆಖೆಯೂ ಅದೇ ಆಗಿತ್ತು.

ಆತ್ಮೀಯರೇ, ನಮ್ಮ ಅನೇಕ ನೋವುಗಳು ಇಲ್ಲಿಯೇ ಇವೆ ಎಂದು ನಮಗೆ ತೋರುತ್ತದೆ. ಮಕ್ಕಳ ಭವಿಷ್ಯ, ಕಟ್ಟುತ್ತಿರುವ ಮನೆ, ನಡೆಸುತ್ತಿರುವ ಅಂಗಡಿ, ಮಾಡುತ್ತಿರುವ ಸೇವೆ, ಇವೆಲ್ಲ ದೇವರು ಕೊಟ್ಟ ಒಳ್ಳೆಯ ಕಾರ್ಯಗಳು. ಅವು ಕೈತಪ್ಪಿದಾಗ ದೇವರೇ ಕೈಬಿಟ್ಟರೆಂದು ನಾವು ತಿಳಿಯುತ್ತೇವೆ. ಅಳು ಬರುವುದು ಸಹಜ. ಯೇಸುಸ್ವಾಮಿಯೇ ಲಾಜರನ ಸಮಾಧಿಯ ಬಳಿ ಅತ್ತರು. ಪ್ರಾರ್ಥನೆ ಬಾಯಿಗೆ ಬರದ ದಿನಗಳೂ ಬರುತ್ತವೆ. ಅಂಥ ದಿನ ನಮ್ಮ ವಿಶ್ವಾಸ ಸತ್ತುಹೋಯಿತೆಂದು ಹೆದರಬೇಕಾಗಿಲ್ಲ. ಕೆಲಸ ಹೋಗಿರಬಹುದು, ಆರೋಗ್ಯ ಹೋಗಿರಬಹುದು, ದೇವರು ಹೋಗಿಲ್ಲ.

ಅಂಗೈಯೇ ಬಲಿಪೀಠ

1976ರ ಡಿಸೆಂಬರ್ ಆರಂಭದಲ್ಲಿ ಅವರನ್ನು ಸಾವಿರಕ್ಕೂ ಹೆಚ್ಚು ಕೈದಿಗಳೊಡನೆ ಸರಪಳಿ ಬಿಗಿದು, ಹಡಗಿನ ತಳದಲ್ಲಿ ತುಂಬಿ, ಉತ್ತರಕ್ಕೆ ಸಾಗಿಸಿದರು. ತಮ್ಮ ಧರ್ಮಕ್ಷೇತ್ರದಿಂದ ಇನ್ನೂ ದೂರ. ಆದರೆ ಆ ಕತ್ತಲಲ್ಲಿ ಹಸಿವು ಹತಾಶೆಗಳಿಂದ ನರಳುತ್ತಿದ್ದವರನ್ನು ಕಂಡಾಗ ಅವರಿಗೆ ತಿಳಿಯಿತು: ಇದೇ ನನ್ನ ಪ್ರಧಾನಾಲಯ, ಇವರೇ ದೇವರು ನನಗೆ ಒಪ್ಪಿಸಿದ ಜನ. ಅಲ್ಲಿಂದ ಮುಂದೆ ಅವರು ಜೊತೆಗಿದ್ದವರನ್ನು ಸಂತೈಸತೊಡಗಿದರು.

ಬಲಿಪೂಜೆಗೆ ಏನು ಮಾಡಿದರು ಎಂದು ಅವರನ್ನು ಮುಂದೆ ಅನೇಕರು ಕೇಳಿದರು. ಬಂಧನವಾದ ಮೊದಲ ದಿನಗಳಲ್ಲೇ, ಹೊಟ್ಟೆನೋವಿಗೆ ಔಷಧಿಯಾಗಿ ಸ್ವಲ್ಪ ದ್ರಾಕ್ಷಾರಸ ಕಳುಹಿಸಿ ಎಂದು ಅವರು ತಮ್ಮವರಿಗೆ ಬರೆದಿದ್ದರು. ವಿಶ್ವಾಸಿಗಳಿಗೆ ಅರ್ಥವಾಯಿತು. ಹೊಟ್ಟೆನೋವಿನ ಔಷಧಿ ಎಂಬ ಚೀಟಿ ಅಂಟಿಸಿದ ಸಣ್ಣ ಬಾಟಲಿಯೂ, ತೇವ ತಾಗದಂತೆ ಟಾರ್ಚಿನೊಳಗೆ ಅಡಗಿಸಿದ ರೊಟ್ಟಿಯ ಬಿಲ್ಲೆಗಳೂ ಬಂದವು. ಪೊಲೀಸರೇ ಅವನ್ನು ತಂದು ಅವರ ಕೈಗೆ ಕೊಟ್ಟರು! ದಿನವೂ ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅದೇ ಪಾತ್ರೆ, ಅದೇ ಬಲಿಪೀಠ, ಅದೇ ಪ್ರಧಾನಾಲಯ.

ವಿನ್ ಫು ಶಿಬಿರದಲ್ಲಿ ಐವತ್ತು ಐವತ್ತು ಮಂದಿಯ ಗುಂಪು ಮಾಡಿ ಒಂದೇ ಉದ್ದನೆಯ ಹಲಗೆಯ ಮೇಲೆ ಮಲಗಿಸುತ್ತಿದ್ದರು. ಒಬ್ಬೊಬ್ಬರಿಗೆ ಅರ್ಧ ಮೀಟರಿನಷ್ಟು ಜಾಗ. ಕಥೋಲಿಕ ಕೈದಿಗಳು ಉಪಾಯವಾಗಿ ಅವರ ಪಕ್ಕದಲ್ಲೇ ಜಾಗ ಮಾಡಿಕೊಂಡರು. ರಾತ್ರಿ ದೀಪ ಆರಿದ ಮೇಲೆ ಅವರು ಬಾಗಿ ಕುಳಿತು, ನೆನಪಿನಿಂದಲೇ ಬಲಿಪೂಜೆ ಅರ್ಪಿಸಿ, ಸೊಳ್ಳೆಪರದೆಯ ಕೆಳಗಿನಿಂದ ಪರಮಪ್ರಸಾದವನ್ನು ದಾಟಿಸುತ್ತಿದ್ದರು. ಸಿಗರೇಟು ಪೊಟ್ಟಣದ ಕಾಗದದಿಂದ ಮಾಡಿದ ಪುಟ್ಟ ಚೀಲಗಳಲ್ಲಿ ಪರಮಪ್ರಸಾದ ಕೈಯಿಂದ ಕೈಗೆ, ಜೇಬಿನಿಂದ ಜೇಬಿಗೆ ಸಾಗಿ ಬೇರೆ ಗುಂಪುಗಳನ್ನೂ ತಲುಪುತ್ತಿತ್ತು. ವಿಶ್ವಾಸ ತಣ್ಣಗಾಗಿದ್ದ ಕೈದಿಗಳು ಮತ್ತೆ ಪ್ರಾರ್ಥನೆಗೆ ಮರಳಿದರು. ಬೌದ್ಧರಾದಿಯಾಗಿ ಇತರ ಧರ್ಮದವರಲ್ಲೂ ಕೆಲವರು ಕ್ರಿಸ್ತನನ್ನು ಅರಿತರು.

ನಾವು ಭಾನುವಾರ ಬಲಿಪೂಜೆಗೆ ಬರುವುದು ಎಷ್ಟು ಸುಲಭ! ನಡೆಯುವ ದೂರದಲ್ಲಿ ದೇವಾಲಯವಿದೆ, ಗಂಟೆ ಬಾರಿಸುತ್ತದೆ. ಮಳೆ ಬಂದರೆ, ನೆಂಟರು ಬಂದರೆ ತಪ್ಪಿಸುತ್ತೇವೆ. ಮೂರು ಹನಿಗಾಗಿ ಪ್ರಾಣಭಯದಲ್ಲಿ ಕಾದಿದ್ದವರನ್ನು ನೆನೆದರೆ, ಕಷ್ಟಕಾಲದಲ್ಲಿ ದೇವಾಲಯದಿಂದ ದೂರ ಉಳಿಯುವ ನಮ್ಮ ಅಭ್ಯಾಸ ಸರಿಯೇ ಎಂದು ಯೋಚಿಸಬೇಕಾಗುತ್ತದೆ. 'ಈ ದುಃಖ ಕಳೆಯಲಿ, ಆಮೇಲೆ ಬರುತ್ತೇನೆ ಸ್ವಾಮಿ' ಎನ್ನುವವರಿದ್ದಾರೆ. ದುಃಖದೊಡನೆಯೇ ಬನ್ನಿರಿ. ಬಲಿಪೀಠದ ಮೇಲೆ ಇಡಬೇಕಾದದ್ದೂ ಅದನ್ನೇ.

ಕಾವಲುಗಾರರ ಗುರು

ಒಂಟಿ ಸೆರೆಯಲ್ಲಿ ಅವರಿಗಿದ್ದ ಜೊತೆ ಕಾವಲುಗಾರರು ಮಾತ್ರ. ಮೊದಲು ಅವರಾರೂ ಇವರೊಡನೆ ಮಾತನಾಡುತ್ತಿರಲಿಲ್ಲ. ಕೊಡಲು ಇವರ ಬಳಿ ಏನೂ ಇರಲಿಲ್ಲ. ಹಾಗಾಗಿ ಮುಗುಳ್ನಗೆ ಕೊಟ್ಟರು, ಆಮೇಲೆ ತಾವು ಕಂಡ ದೇಶಗಳ ಕಥೆಗಳನ್ನು ಹೇಳಿದರು, ಆಮೇಲೆ ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿಸಿದರು. ಕಾವಲುಗಾರರು ಶಿಷ್ಯರಾದರು. ಇವರ ಪ್ರಭಾವಕ್ಕೆ ಒಳಗಾಗಬಾರದೆಂದು ಮೇಲಧಿಕಾರಿಗಳು ಹದಿನೈದು ದಿನಕ್ಕೊಮ್ಮೆ ಕಾವಲುಗಾರರನ್ನು ಬದಲಿಸಿದರು. ಕೊನೆಗೆ, ಹೀಗೆ ಬದಲಿಸುತ್ತಾ ಹೋದರೆ ಪೊಲೀಸರೆಲ್ಲರೂ ಕೆಡುತ್ತಾರೆ ಎಂದು ಅದನ್ನು ನಿಲ್ಲಿಸಿದರು!

ಸೌದೆ ಕಡಿಯುವ ಕೆಲಸ ಕೊಟ್ಟಾಗ ಅವರು ಒಂದು ತುಂಡು ಮರವನ್ನು ಶಿಲುಬೆಯ ಆಕಾರಕ್ಕೆ ಕತ್ತರಿಸಿ, ಕಾವಲುಗಾರನ ಮೌನ ಸಮ್ಮತಿಯಿಂದ ಸೋಪಿನೊಳಗೆ ಅಡಗಿಸಿಟ್ಟರು. ಮುಂದೆ ಇನ್ನೊಂದು ಸೆರೆಯಲ್ಲಿ ವಿದ್ಯುತ್ ತಂತಿಯ ತುಂಡನ್ನು ಕೇಳಿದಾಗ, ಆತ್ಮಹತ್ಯೆಗೆ ಕೇಳುತ್ತಿದ್ದಾರೆಂದು ಕಾವಲುಗಾರ ಹೆದರಿದ. ಶಿಲುಬೆಗೆ ಸರಪಣಿ ಮಾಡಲು ಎಂದು ತಿಳಿದ ಮೇಲೆ ತಂತಿಯನ್ನೂ ಇಕ್ಕಳವನ್ನೂ ತಂದುಕೊಟ್ಟು, ತಾನೇ ಜೊತೆಗೆ ಕುಳಿತು ಮಾಡಿಕೊಟ್ಟ. ಕಾರ್ಡಿನಲ್ ಆದ ಮೇಲೂ ಅವರು ಎದೆಯ ಮೇಲೆ ಧರಿಸುತ್ತಿದ್ದುದು ಆ ಮರದ ಶಿಲುಬೆ, ಆ ತಂತಿಯ ಸರಪಣಿಯೇ. ಅದು ಕೇವಲ ಸೆರೆಯ ನೆನಪಲ್ಲ, ಶತ್ರುವೂ ಬದಲಾಗಬಲ್ಲನೆಂಬುದಕ್ಕೆ ಸಾಕ್ಷಿ ಎಂದು ಅವರು ತಿಳಿದಿದ್ದರು.

ಇನ್ನೊಬ್ಬ ಅಧಿಕಾರಿಯ ಊರು ಲಾ ವಾಂಗ್ ಪುಣ್ಯಕ್ಷೇತ್ರದ ಬಳಿಯಿತ್ತು. ಹಿಂಸೆಯ ಕಾಲದಲ್ಲಿ, 1798ರಲ್ಲಿ, ಕಾಡಿನಲ್ಲಿ ಅಡಗಿದ್ದ ಕ್ರೈಸ್ತರಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತರೆಂದು ವಿಯೆಟ್ನಾಮಿನ ಜನ ನಂಬುವ ಸ್ಥಳವದು. ನಿಮಗಾಗಿ ಅಲ್ಲಿ ಪ್ರಾರ್ಥಿಸುತ್ತೇನೆ ಎಂದು ಆತ ಮಾತು ಕೊಟ್ಟಿದ್ದ. ವರ್ಷಗಳ ನಂತರ ಆತನಿಂದ ಪತ್ರ ಬಂತು. ಮಳೆಯಿಲ್ಲದ ಭಾನುವಾರಗಳಲ್ಲಿ ಸೈಕಲ್ಲಿನಲ್ಲಿ ಹೋಗಿ, ಯುದ್ಧದಲ್ಲಿ ಪಾಳುಬಿದ್ದ ಆ ದೇವಾಲಯದ ಬಳಿ ನಿಂತು, 'ತಾಯಿ, ನಾನು ಕ್ರೈಸ್ತನಲ್ಲ, ನನಗೆ ಪ್ರಾರ್ಥನೆಗಳೂ ತಿಳಿಯವು, ಅವರಿಗೆ ಬೇಕಾದ್ದನ್ನು ಕೊಡು' ಎಂಬ ಅರ್ಥದಲ್ಲಿ ಬೇಡುತ್ತಿರುವುದಾಗಿ ಆತ ಬರೆದಿದ್ದ.

ಬಾಗಿಲು ತೆರೆದ ದಿನ

1988ರ ನವೆಂಬರ್ 21. ಅಂದು ಮಾತೆ ಮರಿಯಮ್ಮನವರನ್ನು ದೇವಾಲಯದಲ್ಲಿ ಅರ್ಪಿಸಿದ ಸ್ಮರಣೆಯ ಹಬ್ಬ. ವಿಯೆಟ್ನಾಮಿನ 117 ಸಂತರ ಘೋಷಣೆಯಾಗಿ ಐದು ತಿಂಗಳಾಗಿತ್ತು. ಅವರು ಮಧ್ಯಾಹ್ನದ ಅಡುಗೆ ಮಾಡಿಕೊಳ್ಳುತ್ತಿದ್ದಾಗ ಗೃಹ ಸಚಿವರಿಂದ ಕರೆ ಬಂತು. ಏನು ಬೇಕೆಂದು ಸಚಿವರು ಕೇಳಿದಾಗ, ಬಿಡುಗಡೆ ಬೇಕು, ಅದೂ ಇಂದೇ ಬೇಕು ಎಂದರು. ಮೂವರು ಪೋಪರ ಕಾಲವನ್ನೂ ಸೋವಿಯೆತ್ ಒಕ್ಕೂಟದ ನಾಲ್ವರು ನಾಯಕರ ಕಾಲವನ್ನೂ ಸೆರೆಯಲ್ಲೇ ಕಳೆದಿದ್ದೇನಲ್ಲ ಎಂದು ನಗುತ್ತಾ ಹೇಳಿದರು. ಸಚಿವರು ನಕ್ಕು ಒಪ್ಪಿದರು. ಬಂಧನವಾದದ್ದು ಮಾತೆಯ ಹಬ್ಬದಂದು, ಬಿಡುಗಡೆಯಾದದ್ದೂ ಮಾತೆಯ ಹಬ್ಬದಂದು.

ಆದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. 1991ರಲ್ಲಿ ಅವರು ದೇಶ ಬಿಡಬೇಕಾಯಿತು. ಸೈಗಾನಿನ ಧರ್ಮಪೀಠದಲ್ಲಿ ಸೇವೆ ಸಲ್ಲಿಸುವ ಅವಕಾಶ ಕೊನೆಗೂ ದೊರೆಯಲಿಲ್ಲ. ರೋಮಿನಲ್ಲಿ 1998ರಿಂದ ನ್ಯಾಯ ಮತ್ತು ಶಾಂತಿ ಆಯೋಗದ ಅಧ್ಯಕ್ಷರಾಗಿ ದುಡಿದರು. 2000ದ ಮಹಾ ಜೂಬಿಲಿಯ ತಪಸ್ಸುಕಾಲದಲ್ಲಿ ಪೋಪ್ ಎರಡನೇ ಜಾನ್ ಪಾಲರಿಗೂ ವ್ಯಾಟಿಕನ್ನಿನ ಹಿರಿಯರಿಗೂ ಧ್ಯಾನಕೂಟ ನಡೆಸಿದರು. 2001ರ ಫೆಬ್ರವರಿ 21ರಂದು ಕಾರ್ಡಿನಲ್ ಆದರು. ಒಂದೂವರೆ ವರ್ಷದಲ್ಲಿ, 2002ರ ಸೆಪ್ಟೆಂಬರ್ 16ರಂದು, ಕ್ಯಾನ್ಸರಿನಿಂದ ತೀರಿಕೊಂಡರು. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಭರವಸೆಯ ಕುರಿತು ಬರೆದ ವಿಶ್ವಪತ್ರದಲ್ಲಿ, ಪ್ರಾರ್ಥನೆಯು ಭರವಸೆಯ ಶಾಲೆ ಎಂಬುದಕ್ಕೆ ಇವರನ್ನೇ ಉದಾಹರಣೆಯಾಗಿ ತೋರಿಸಿದರು. 2017ರ ಮೇ 4ರಂದು ಪೋಪ್ ಫ್ರಾನ್ಸಿಸರು ಇವರ ಸದ್ಗುಣಗಳನ್ನು ಮಾನ್ಯ ಮಾಡಿದ್ದರಿಂದ ಇವರು 'ಪೂಜ್ಯ'ರೆನಿಸಿದ್ದಾರೆ. ಅದೇ ಪೋಪ್ ಫ್ರಾನ್ಸಿಸರು ಭರವಸೆಗೆ ಮೀಸಲಾಗಿದ್ದ 2025ರ ಜೂಬಿಲಿಯ ಆರಂಭದಲ್ಲಿ, 2024ರ ಡಿಸೆಂಬರ್ 26ರಂದು, ರೋಮಿನ ರೆಬಿಬ್ಬಿಯಾ ಸೆರೆಮನೆಗೆ ಹೋಗಿ ಅಲ್ಲೊಂದು ಪವಿತ್ರದ್ವಾರವನ್ನು ತೆರೆದರು. ಭರವಸೆಯ ಬಾಗಿಲು ಎಲ್ಲಿ ಬೇಕೋ ಅಲ್ಲಿಯೇ ಅದು ತೆರೆಯಿತು.

ನಮ್ಮ ಮನೆಗಳಿಗೆ

ಈ ಇತಿಹಾಸದಿಂದ ನಾವು ಏನನ್ನು ಮನೆಗೆ ಒಯ್ಯಬೇಕು? ವಿಶ್ವಾಸವಿದ್ದರೆ ಕಷ್ಟ ಬೇಗ ಮುಗಿಯುತ್ತದೆ ಎಂದು ನಾವು ಹೇಳುವುದಿಲ್ಲ. ಇವರಿಗೆ ಹದಿಮೂರು ವರ್ಷ ಬೇಕಾಯಿತು, ಅದರ ಹಿಂದೆಯೇ ಪರದೇಶವಾಸ, ರೋಗ. ಭರವಸೆಯಿದೆ ಎಂದು ವೈದ್ಯರ ಬಳಿ ಹೋಗುವುದನ್ನು, ಔಷಧಿಯನ್ನು ಬಿಡಬೇಕಾಗಿಯೂ ಇಲ್ಲ; ಮನಸ್ಸು ಕುಸಿದಾಗ ನೆರವು ಕೇಳುವುದು ವಿಶ್ವಾಸದ ಕೊರತೆಯಲ್ಲ. ಇವರೂ ಮನೆಯವರಿಗೆ ಪತ್ರ ಬರೆದು ಬೇಕಾದ್ದನ್ನು ಕೇಳಿದರು, ಕಾವಲುಗಾರನಿಂದಲೂ ಕೇಳಿ ಪಡೆದರು. ಕೇಳಿರಿ, ನೆರೆಮನೆಯವರನ್ನು ಕೇಳಿರಿ, ನಿಮ್ಮ ಗುರುಗಳನ್ನು ಕೇಳಿರಿ.

ನಾವು ಹೇಳುವುದು ಇಷ್ಟೇ. ಎಲ್ಲ ಸರಿಹೋದ ಮೇಲೆ ಬದುಕೋಣ ಎಂದು ಕಾಯುವುದು ಬೇಡ. ಕೈಯಲ್ಲಿ ಇರುವುದು ಮೂರು ಹನಿಯಾದರೆ ಮೂರು ಹನಿಯಿಂದಲೇ ಇಂದಿನ ಬಲಿಯನ್ನು ಅರ್ಪಿಸೋಣ. ರೋಗಿಯ ಪಕ್ಕ ಕುಳಿತ ಮಗಳಿಗೆ ಇಂದು ಕೊಡಲು ಸಾಧ್ಯವಿರುವುದು ಒಂದು ಲೋಟ ಗಂಜಿ, ಒಂದು ಮೆಲುಮಾತು. ಅದನ್ನು ಪ್ರೀತಿಯಿಂದ ಕೊಡಲಿ. ಸಾಲಗಾರನಿಗೆ ಇಂದು ಸಾಧ್ಯವಿರುವುದು ಹೆಂಡತಿಯೊಡನೆ ಮುಚ್ಚುಮರೆಯಿಲ್ಲದೆ ಕುಳಿತು ಲೆಕ್ಕ ಹೇಳುವುದು, ಅದನ್ನು ಮಾಡಲಿ. ಕೆಲಸವಿಲ್ಲದ ಯುವಕ ಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳಲಿ. ಪ್ರಾರ್ಥಿಸಲು ಆಗದವನು ಯೇಸುವಿನ ಹೆಸರನ್ನು ಮಾತ್ರ ಹೇಳಲಿ.

ಸ್ವರ್ಗಸ್ವೀಕಾರದ ಹಬ್ಬದಂದು ನಾವು ಕೇಳುವ ಶುಭಸಂದೇಶದಲ್ಲಿ ಮಾತೆ ಮರಿಯಮ್ಮನವರು ಬೆಟ್ಟದ ಸೀಮೆಗೆ ಅವಸರದಿಂದ ಹೋಗಿ, ವಯಸ್ಸಾದ ಗರ್ಭಿಣಿ ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ನಿಲ್ಲುತ್ತಾರೆ. ಅಲ್ಲಿಯೇ ತಮ್ಮ ಸ್ತುತಿಗೀತೆಯನ್ನು ಹಾಡುತ್ತಾರೆ. ಆ ಹೊತ್ತಿಗೆ ಅವರ ಬದುಕಿನಲ್ಲಿ ಏನು ಸರಿಹೋಗಿತ್ತು? ಅರಸ ಹೆರೋದ ಸಿಂಹಾಸನದ ಮೇಲೇ ಇದ್ದ. ಬೆತ್ಲೆಹೇಮಿನ ದನದ ಕೊಟ್ಟಿಗೆ, ಈಜಿಪ್ಟಿನ ಓಟ, ಕಲ್ವಾರಿ ಬೆಟ್ಟ ಎಲ್ಲವೂ ಮುಂದಿದ್ದವು. ಆದರೂ ಅವರು ಕಾಯುತ್ತಾ ಕೂರಲಿಲ್ಲ. ಇನ್ನೊಬ್ಬರ ಮನೆಯ ಕೆಲಸಕ್ಕೆ ಕೈಹಾಕಿದರು, ಹಾಡಿದರು. ಆ ತಾಯಿಯನ್ನು ದೇವರು ದೇಹಾತ್ಮಗಳೊಡನೆ ಮಹಿಮೆಗೆ ಸೇರಿಸಿಕೊಂಡರು. ನಮ್ಮ ಹಾದಿಯೂ ಕೊನೆಗೆ ಅಲ್ಲಿಗೇ ಹೋಗುತ್ತದೆ ಎಂಬುದೇ ಈ ಹಬ್ಬದ ಭರವಸೆ.

ಸೆರೆಯಲ್ಲಿರುವವರಿಗೆ, ಹಾಸಿಗೆ ಹಿಡಿದವರಿಗೆ, ಯಾರಿಗೂ ಹೇಳಿಕೊಳ್ಳಲಾಗದ ನೋವನ್ನು ಹೊತ್ತವರಿಗೆ ಸ್ವರ್ಗಸ್ವೀಕೃತ ಮಾತೆಯು ಜೊತೆಯಾಗಿರಲಿ. ಇಂದಿನ ದಿನವನ್ನು ಪ್ರೀತಿಯಿಂದ ತುಂಬುವ ಕೃಪೆಯನ್ನು ಅವರ ಪುತ್ರರೂ ನಮ್ಮ ಪ್ರಭುವೂ ಆದ ಯೇಸುಕ್ರಿಸ್ತರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.